ಸಣ್ಣ ರೀಫ್ ತೊಟ್ಟಿಯ ಪಾಚಿಗೆ ಯಾವ ಉಪಾಯ, ಯಾವಾಗ: ಒಂದು ಹೋಲಿಕೆ

ಮನೆಯಲ್ಲಿ ಹವಳ ಸಾಕಲು ಹೊರಟ ಅನೇಕರು 60ರಿಂದ 100 ಲೀಟರಿನ ಸಣ್ಣ ಉಪ್ಪುನೀರಿನ ತೊಟ್ಟಿಯಿಂದ, ಅಂದರೆ ರೀಫ್ ತೊಟ್ಟಿಯಿಂದ, ಆರಂಭಿಸುತ್ತಾರೆ. ಕೆಲವೇ ತಿಂಗಳಲ್ಲಿ ಕಲ್ಲುಗಳ ಮೇಲೆ ಹಸಿರು ಎಳೆಗಳು ಬೆಳೆದು ಹವಳದ ಬುಡವನ್ನು ಮುತ್ತತೊಡಗಿದಾಗ ಸಲಹೆಗಳೂ ಸುತ್ತಲಿಂದ ಬರತೊಡಗುತ್ತವೆ. ಬಸವನಹುಳು ಬಿಡಿ ಎನ್ನುವವರು ಒಬ್ಬರು, ಮೂರು ದಿನ ದೀಪ ಹಾಕಬೇಡಿ ಎನ್ನುವವರು ಇನ್ನೊಬ್ಬರು, ಇಂಥ ಔಷಧ ಸುರಿಯಿರಿ ಎನ್ನುವವರು ಮತ್ತೊಬ್ಬರು. ಇವುಗಳಲ್ಲಿ ಯಾವುದೂ ಪೂರ್ತಿ ತಪ್ಪಲ್ಲ. ಆದರೆ ಒಂದು ಬಗೆಯ ಬೆಳವಣಿಗೆಯನ್ನು ತಗ್ಗಿಸುವ ಉಪಾಯವೇ ಇನ್ನೊಂದು ಬಗೆಯದನ್ನು ಹೆಚ್ಚಿಸುವುದುಂಟು. ದೊಡ್ಡ ತೊಟ್ಟಿಯಲ್ಲಿ ನಿರಪಾಯವಾಗಿ ನಡೆಯುವ ಕ್ರಮವು ಸಣ್ಣ ತೊಟ್ಟಿಯಲ್ಲಿ ಒಂದೇ ರಾತ್ರಿಯಲ್ಲಿ ಪ್ರಾಣಿಗಳನ್ನು ಬಲಿ ತೆಗೆದುಕೊಳ್ಳುವುದೂ ಉಂಟು.

ಲೆಕ್ಕಕ್ಕೆ ಅನುಕೂಲವಾಗಲೆಂದು ಇಲ್ಲಿ 75 ಲೀಟರಿನ ತೊಟ್ಟಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕಲ್ಲು ಮತ್ತು ಮರಳು ಹಿಡಿದ ಜಾಗವನ್ನು ಕಳೆದರೆ ಅದರಲ್ಲಿ ಉಳಿಯುವ ನೀರು ಸುಮಾರು 60 ಲೀಟರ್. ಯಾವುದೇ ಔಷಧವನ್ನು ಅಳೆಯಬೇಕಾದ್ದು ಈ 60ಕ್ಕೆ, ತೊಟ್ಟಿಯ ಮೇಲೆ ಬರೆದಿರುವ 75ಕ್ಕಲ್ಲ. ಉಪಾಯಗಳನ್ನು ಹೋಲಿಸುವಾಗ ಬೆಲೆಗೂ ವೇಗಕ್ಕೂ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಇದು ಎಡವಟ್ಟಾದರೆ ನಾಳೆ ಬೆಳಿಗ್ಗೆ ಇದನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವೇ? ಕೈಯಿಂದ ಕೀಳುವುದನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದು. ಫಾಸ್ಫೇಟ್ ಹೀರುವ ಕಾಳುಗಳ ಚೀಲವನ್ನು ಎತ್ತಿ ಹೊರಗಿಡಬಹುದು. ನೀರಿನಲ್ಲಿ ಕರಗಿಹೋದ ಔಷಧವನ್ನಾಗಲಿ, ಅದರಿಂದ ಒಮ್ಮೆಲೇ ಸತ್ತು ಕೊಳೆಯತೊಡಗಿದ ಪಾಚಿಯ ರಾಶಿಯನ್ನಾಗಲಿ ಹಾಗೆ ಎತ್ತಿಡಲು ಬರುವುದಿಲ್ಲ. 60 ಲೀಟರ್ ನೀರು ತಪ್ಪನ್ನು ತಾಳಿಕೊಳ್ಳುವಷ್ಟು ದೊಡ್ಡದಲ್ಲವಾದ್ದರಿಂದ ಹಿಂತೆಗೆಯಬಹುದಾದ ಉಪಾಯವನ್ನೇ ಮೊದಲು ಆರಿಸಬೇಕು ಎಂಬುದು ನನ್ನ ನಿಲುವು.

ಮೊದಲು ಗುರುತಿಸುವುದು

ಪಾಚಿ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಕನಿಷ್ಠ ಆರು ಬೇರೆ ಬೇರೆ ಜೀವಿಗಳು ಸೇರಿರುತ್ತವೆ. ಹೊಸ ತೊಟ್ಟಿಯ ಗಾಜಿನ ಮೇಲೂ ಮರಳಿನ ಮೇಲೂ ಕಂದು ಪುಡಿಯಂತೆ ಹರಡುವ ಡಯಾಟಮ್ ನೀರಿನ ಸಿಲಿಕೇಟನ್ನು ಬಳಸಿಕೊಂಡು ಬೆಳೆದು, ಅದು ಮುಗಿದ ಮೇಲೆ ಕೆಲವೇ ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಅದಕ್ಕೆ ಕಾಯುವುದರ ಹೊರತು ಬೇರೆ ಉಪಾಯ ಬೇಕಿಲ್ಲ. ಮೃದುವಾದ, ಎಳೆದರೆ ಕಿತ್ತುಬರುವ ಹಸಿರು ಎಳೆಗಳು ಹೇರ್ ಆಲ್ಗೆ ಎಂದು ಕರೆಯುವ ಗುಂಪಿನವು. ಡೆರ್ಬೇಸಿಯಾ ಅವುಗಳಲ್ಲಿ ಸಾಮಾನ್ಯವಾದದ್ದು. ಇದೇ ಎಳೆಯ ಎರಡೂ ಬದಿಯಲ್ಲಿ ಹಕ್ಕಿಯ ಗರಿಯಂತೆ ಸಣ್ಣ ಕವಲುಗಳು ಸಾಲಾಗಿ ಕಂಡರೆ ಅದು ಬ್ರಯಾಪ್ಸಿಸ್. ಇವೆರಡನ್ನೂ ಬೇರ್ಪಡಿಸಿ ನೋಡಲು ಒಂದು ಎಳೆಯನ್ನು ಬಿಳಿ ಬಟ್ಟಲಿನ ನೀರಿನಲ್ಲಿ ತೇಲಿಸಿ ಭೂತಗನ್ನಡಿಯಿಂದ ನೋಡಿದರೆ ಸಾಕು. ಈ ಐದು ನಿಮಿಷದ ಕೆಲಸವನ್ನು ಬಿಡಬಾರದು, ಏಕೆಂದರೆ ಹೇರ್ ಆಲ್ಗೆಯನ್ನು ಮೇಯುವ ಪ್ರಾಣಿಗಳಲ್ಲಿ ಹೆಚ್ಚಿನವು ಬ್ರಯಾಪ್ಸಿಸನ್ನು ಮೂಸಿಯೂ ನೋಡುವುದಿಲ್ಲ. ಹೊಳೆಯುವ ಹಸಿರು ಗೋಲಿಗಳಂತೆ ಕಲ್ಲಿನ ಸಂದಿಯಲ್ಲಿ ಬೆಳೆಯುವುದು ವಲೋನಿಯಾ, ಅಂದರೆ ಬಬಲ್ ಆಲ್ಗೆ.

ಉಳಿದ ಎರಡು ಹೆಚ್ಚು ಎಚ್ಚರ ಬೇಡುತ್ತವೆ. ಕಡುಗೆಂಪು ಅಥವಾ ನೇರಳೆ ಬಣ್ಣದ ಪೊರೆಯಂತೆ ಮರಳಿನ ಮೇಲೆ ಹಬ್ಬಿ, ಕೊಳವೆಯಿಂದ ಎಳೆದರೆ ಹಾಳೆಯಂತೆ ಇಡಿಯಾಗಿ ಏಳುವುದು ಸಯನೋಬ್ಯಾಕ್ಟೀರಿಯಾ. ಅದು ಪಾಚಿಯಲ್ಲ, ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಕಂದು ಬಣ್ಣದ ಲೋಳೆಯ ಎಳೆಗಳ ತುದಿಯಲ್ಲಿ ಗಾಳಿಗುಳ್ಳೆಗಳು ಸಿಕ್ಕಿಕೊಂಡಿದ್ದು, ರಾತ್ರಿ ಕಡಿಮೆಯಾಗಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ದಟ್ಟವಾಗುತ್ತಿದ್ದರೆ ಡೈನೊಫ್ಲಾಜೆಲೇಟ್ (ಚಿಕ್ಕದಾಗಿ ಡೈನೊ) ಎಂಬ ಏಕಕೋಶ ಜೀವಿ ಎಂದು ಸಂಶಯಪಡಬೇಕು. ಆ ಲೋಳೆಯನ್ನು ಸ್ವಲ್ಪ ತೊಟ್ಟಿಯ ನೀರಿನೊಡನೆ ಸೀಸೆಯಲ್ಲಿ ಚೆನ್ನಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಟ್ಟಾಗ ಅದು ಮತ್ತೆ ಎಳೆಗಟ್ಟಿದರೆ ಸಂಶಯ ಬಲವಾಗುತ್ತದೆ. ಸಾಧಾರಣ ಸೂಕ್ಷ್ಮದರ್ಶಕವಿದ್ದರೆ ಈಜುವ ಕೋಶಗಳನ್ನು ಕಣ್ಣಾರೆ ನೋಡಬಹುದು. ಡೈನೊ ಸಾಮಾನ್ಯವಾಗಿ ತಲೆಯೆತ್ತುವುದು ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆಗೆ ಇಳಿದು ಉಳಿದೆಲ್ಲ ಸ್ಪರ್ಧಿಗಳು ಸೊರಗಿದಾಗ. ಹೇರ್ ಆಲ್ಗೆ ಎಂದು ತಪ್ಪಾಗಿ ತಿಳಿದು ಪೋಷಕಾಂಶವನ್ನು ಇನ್ನಷ್ಟು ತೆಗೆದರೆ ಅದಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ನೀರು ಎಲ್ಲಿಂದ ಬರುತ್ತಿದೆ

ಉಪಾಯಗಳ ಹೋಲಿಕೆಗೆ ಮುನ್ನ ಒಂದು ವಿಷಯವನ್ನು ಪೂರ್ತಿ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇದನ್ನು ಬಿಟ್ಟು ಮಾಡಿದ ಎಲ್ಲ ಖರ್ಚೂ ವ್ಯರ್ಥ. ತೊಟ್ಟಿಯಿಂದ ಆವಿಯಾಗುವುದು ಶುದ್ಧ ನೀರು ಮಾತ್ರ. ಅದರ ಜಾಗದಲ್ಲಿ ನಾವು ಸುರಿಯುವ ನೀರಿನೊಂದಿಗೆ ಬರುವ ಲವಣ, ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಎಲ್ಲವೂ ಒಳಗೇ ಉಳಿಯುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿರುವ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಮತ್ತು ಕರ್ನಾಟಕದ ಹಲವು ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಆ ಮಿತಿಯೂ ಮೀರಿದೆ. ಕುಡಿಯಲು ಒಪ್ಪಿತವಾದ ಅದೇ 45 ಮಿಲಿಗ್ರಾಂ ನೀರನ್ನು ದಿನಕ್ಕೊಂದು ಲೀಟರಿನಂತೆ ನಮ್ಮ 60 ಲೀಟರಿಗೆ ಸೇರಿಸುತ್ತ ಹೋದರೆ ತಿಂಗಳಿಗೆ 1350 ಮಿಲಿಗ್ರಾಂ, ಅಂದರೆ ನೀರಿನ ನೈಟ್ರೇಟ್ ಪ್ರಮಾಣ 22 ಪಿಪಿಎಂಗೂ (ಪಿಪಿಎಂ ಎಂದರೆ ಸುಮಾರಾಗಿ ಲೀಟರಿಗೆ ಒಂದು ಮಿಲಿಗ್ರಾಂ) ಹೆಚ್ಚು ಏರುತ್ತದೆ. ಮೀನಿಗೆ ಒಂದು ಕಾಳು ಆಹಾರ ಹಾಕದಿದ್ದರೂ ಇಷ್ಟು!

ಅಡುಗೆಮನೆಯ ಆರ್‌ಒ ಯಂತ್ರ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅನೇಕ ಮನೆಯ ಯಂತ್ರಗಳಲ್ಲಿ ರುಚಿಗಾಗಿ ಶೋಧಿಸದ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನಾಂಶ) ಕಂಟ್ರೋಲರ್ ಅಥವಾ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ಪೊರೆಯಿಂದ ಹೊರಬರುವ ನೀರನ್ನು ಈ ಹಂತಕ್ಕೆ ಮೊದಲೇ ಬೇರೆಯಾಗಿ ಹಿಡಿದು, ಅದನ್ನು ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ಡಿಐ ರಾಳದ ಮೂಲಕ ಹಾಯಿಸಿ, ಟಿಡಿಎಸ್ ಮೀಟರಿನಲ್ಲಿ 0 ಬರುವಂತೆ ನೋಡಿಕೊಂಡರೆ ಮಾತ್ರ ರೀಫ್ ತೊಟ್ಟಿಗೆ ಯೋಗ್ಯವಾದ ನೀರು ಸಿಕ್ಕಂತೆ. ಕಾವೇರಿ ನೀರಾಗಲಿ, ಬೋರ್‌ವೆಲ್ ನೀರಾಗಲಿ, ಟ್ಯಾಂಕರ್ ನೀರಾಗಲಿ, ಈ ನಿಯಮದಲ್ಲಿ ವ್ಯತ್ಯಾಸವಿಲ್ಲ. ರಾಳ ಎಷ್ಟು ಬೇಗ ಮುಗಿಯುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಇನ್ನೊಂದು ಮೂಲ ಕಲ್ಲು. ಭಾರತದಲ್ಲಿ ಕಲ್ಲುಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಸೀ ಫ್ಯಾನ್‌ಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಗಿದೆ. ಆದ್ದರಿಂದ ನೇತ್ರಾಣಿಯಂಥ ದ್ವೀಪಗಳ ಸುತ್ತಲಿಂದಾಗಲಿ ಬೇರೆ ಯಾವ ಕಡಲಿನಿಂದಾಗಲಿ ಹವಳದ ತುಂಡನ್ನು ತರುವುದು ಅಪರಾಧ, ಮತ್ತು ಅದು ಅಪರಾಧವಾಗಿರುವುದು ಸರಿಯಾಗಿಯೇ ಇದೆ. ಹೀಗಾಗಿ ನಮ್ಮಲ್ಲಿ ಒಣಕಲ್ಲು ಅಥವಾ ತಯಾರಿಸಿದ ಕಲ್ಲನ್ನು ಬಳಸಬೇಕಾಗುತ್ತದೆ. ಹಿಂದೆ ಎಲ್ಲೋ ತೊಟ್ಟಿಯಲ್ಲಿದ್ದು ಒಣಗಿದ ಕಲ್ಲಿನ ರಂಧ್ರಗಳಲ್ಲಿ ಸತ್ತ ಜೀವಿಗಳ ಉಳಿಕೆಯೂ ಹೀರಿಕೊಂಡ ಫಾಸ್ಫೇಟೂ ಇರುತ್ತವೆ, ಮತ್ತು ಅದು ತಿಂಗಳುಗಟ್ಟಲೆ ನೀರಿಗೆ ಸೋರುತ್ತಿರುತ್ತದೆ.

ಅಳತೆಯ ಬಗ್ಗೆಯೂ ಒಂದು ಮಾತು. ಹೆಚ್ಚಿನ ಮನೆ ತೊಟ್ಟಿಗಳಿಗೆ ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಸಾಕು. ಸೊನ್ನೆ ಗುರಿಯಲ್ಲ, ಏಕೆಂದರೆ ಹವಳದೊಳಗೆ ಬದುಕಿ ಅದಕ್ಕೆ ಆಹಾರ ಒದಗಿಸುವ ಜೂಜಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಗಳಿಗೂ ಇವೇ ಬೇಕು. ಕಲ್ಲೆಲ್ಲ ಹಸಿರಾಗಿರುವಾಗ ಪರೀಕ್ಷೆಯಲ್ಲಿ ಫಾಸ್ಫೇಟ್ 0.00 ಬಂದರೆ ನೀರು ಶುದ್ಧವಾಗಿದೆ ಎಂದು ಅರ್ಥವಲ್ಲ. ಬಂದದ್ದನ್ನೆಲ್ಲ ಪಾಚಿ ಆಗಲೇ ಹೀರಿಕೊಂಡಿದೆ ಎಂದು ಅರ್ಥ. ಹಾನ್ನಾ ಕಂಪನಿಯ ಪಿಪಿಬಿ ಲೆಕ್ಕದ ಫಾಸ್ಫರಸ್ ಉಪಕರಣ ಬಳಸುವವರು ಅದು ತೋರಿಸುವ ಸಂಖ್ಯೆಯನ್ನು 3.066ರಿಂದ ಗುಣಿಸಿದರೆ ಫಾಸ್ಫೇಟ್ ಪ್ರಮಾಣ ಪಿಪಿಬಿಯಲ್ಲಿ (1000 ಪಿಪಿಬಿ ಎಂದರೆ 1 ಪಿಪಿಎಂ) ಸಿಗುತ್ತದೆ ಎಂಬುದನ್ನು ಮರೆಯಬಾರದು.

ಕೈಯಿಂದ ಕೀಳುವುದು ಮತ್ತು ನೀರು ಬದಲಾಯಿಸುವುದು

ಇದಕ್ಕಿಂತ ಅಗ್ಗವಾದ, ಸುರಕ್ಷಿತವಾದ ಉಪಾಯ ಬೇರೆ ಇಲ್ಲ, ಮತ್ತು ಸಣ್ಣ ತೊಟ್ಟಿಗೆ ದೊಡ್ಡ ತೊಟ್ಟಿಗಿಂತ ಹೆಚ್ಚು ಅನುಕೂಲವಿರುವುದು ಇದೊಂದರಲ್ಲೇ: ಎಲ್ಲ ಕಲ್ಲುಗಳೂ ಕೈಗೆ ಎಟುಕುತ್ತವೆ. ಹೇರ್ ಆಲ್ಗೆಯನ್ನು ಕಿತ್ತಷ್ಟು ಪೋಷಕಾಂಶವೂ ತೊಟ್ಟಿಯಿಂದ ಹೊರಹೋಗುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಅದು ಹೀರಿಟ್ಟುಕೊಂಡ ನೈಟ್ರೇಟ್ ಮತ್ತು ಫಾಸ್ಫೇಟ್ ಅದರ ಮೈಯಲ್ಲೇ ಇರುತ್ತವೆ. ಔಷಧದಿಂದ ಕೊಂದರೆ ಅದೆಲ್ಲ ಮತ್ತೆ ನೀರಿಗೆ ಬೀಳುತ್ತದೆ, ಕಿತ್ತರೆ ಬಕೆಟಿಗೆ ಬೀಳುತ್ತದೆ.

ಕೀಳುವ ಕ್ರಮ ಮುಖ್ಯ. ಹೊಸ ಹಲ್ಲುಜ್ಜುವ ಬ್ರಷ್ಷನ್ನು ಸಣ್ಣ ಪ್ಲಾಸ್ಟಿಕ್ ಕೊಳವೆಯ ಬಾಯಿಗೆ ಕಟ್ಟಿ, ಉಜ್ಜುತ್ತಿರುವಾಗಲೇ ಸೈಫನ್ ಮೂಲಕ ತುಂಡುಗಳು ಹೊರಹೋಗುವಂತೆ ಮಾಡಬೇಕು. ಬರಿದೆ ಉಜ್ಜಿದರೆ ಪ್ರತಿ ತುಂಡೂ ಇನ್ನೊಂದು ಮೂಲೆಯಲ್ಲಿ ಬೇರೂರುತ್ತದೆ. ಸಾಧ್ಯವಾದರೆ ಕಲ್ಲನ್ನೇ ಎತ್ತಿ ತೊಟ್ಟಿಯ ನೀರು ತುಂಬಿದ ಬಕೆಟಿನಲ್ಲಿ ಉಜ್ಜುವುದು ಇನ್ನೂ ಒಳ್ಳೆಯದು. ವಲೋನಿಯಾ ಗೋಲಿಗಳನ್ನು ಬಕೆಟಿನಲ್ಲೇ, ಒಡೆಯದಂತೆ, ಬುಡದಿಂದ ಎಬ್ಬಿಸಿ ತೆಗೆಯಬೇಕು. ಬ್ರಯಾಪ್ಸಿಸ್ ಮಾತ್ರ ಈ ಕ್ರಮಕ್ಕೆ ಪೂರ್ತಿ ಬಗ್ಗುವುದಿಲ್ಲ. ಕಲ್ಲಿನ ರಂಧ್ರದೊಳಗೆ ಉಳಿದ ಬುಡದಿಂದ ಅದು ಮತ್ತೆ ಚಿಗುರುತ್ತದೆ.

ನೀರು ಬದಲಾವಣೆಯಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ನೈಟ್ರೇಟ್ 40 ಪಿಪಿಎಂ ಇರುವಾಗ ಪ್ರತಿ ಸಲ ನೀರಿನ ಶೇ. 20 ಬದಲಾಯಿಸಿದರೆ ಅದು 32, ಆಮೇಲೆ 25.6, ಆಮೇಲೆ 20.5 ಆಗುತ್ತದೆ, ನಡುವೆ ಹೊಸದೇನೂ ಸೇರದಿದ್ದರೆ ಮೂರು ಬದಲಾವಣೆಗೆ ಅರ್ಧ. 60 ಲೀಟರಿಗೆ ಇದು ಸಲಕ್ಕೆ 12 ಲೀಟರ್ ಮಾತ್ರ, ಅಂದರೆ ಒಂದು ಬಕೆಟಿಗಿಂತ ಕಡಿಮೆ. ಫಾಸ್ಫೇಟಿಗೆ ಈ ಲೆಕ್ಕ ಹೊಂದುವುದಿಲ್ಲ. ಕಲ್ಲು ಮತ್ತು ಮರಳು ಹಿಡಿದಿಟ್ಟುಕೊಂಡ ಫಾಸ್ಫೇಟು ನೀರಿನ ಪ್ರಮಾಣ ತಗ್ಗಿದೊಡನೆ ಬಿಡುಗಡೆಯಾಗಿ ಒಂದೆರಡು ದಿನದಲ್ಲಿ ಹಳೆಯ ಅಂಕಿಗೇ ಮರಳುತ್ತದೆ. ನೈಟ್ರೇಟ್ ಹೆಚ್ಚಿದ್ದರೆ ನೀರು ಬದಲಾವಣೆ, ಫಾಸ್ಫೇಟ್ ಹೆಚ್ಚಿದ್ದರೆ ಮುಂದೆ ಹೇಳುವ ಬೇರೆ ದಾರಿ ಎಂಬ ಭೇದವನ್ನು ಇಟ್ಟುಕೊಂಡರೆ ಬಹಳಷ್ಟು ಶ್ರಮ ಉಳಿಯುತ್ತದೆ.

ಮೇಯುವ ಪ್ರಾಣಿಗಳು

ಹವಳದ ದಿಬ್ಬವನ್ನು ಪಾಚಿಯಿಂದ ಕಾಯುವುದು ಶುದ್ಧ ನೀರೊಂದೇ ಅಲ್ಲ ಎಂಬುದಕ್ಕೆ ಕೆರಿಬಿಯನ್ ಕಡಲು ದೊಡ್ಡ ಸಾಕ್ಷಿ. 1983ರಲ್ಲಿ ಪನಾಮಾದ ಬಳಿ ಆರಂಭವಾದ ರೋಗವೊಂದು ಸುಮಾರು ಒಂದು ವರ್ಷದಲ್ಲಿ ಆ ಇಡೀ ಪ್ರದೇಶದ ಪಾಚಿ ಮೇಯುವ, ಉದ್ದ ಮುಳ್ಳಿನ ಕಪ್ಪು ಸೀ ಅರ್ಚಿನ್‌ಗಳಲ್ಲಿ ಶೇ. 90ಕ್ಕೂ ಹೆಚ್ಚನ್ನು ಕೊಂದಿತು. ಜಮೈಕಾದಲ್ಲಿ ಪಾಚಿ ಮೇಯುವ ಮೀನುಗಳನ್ನು ಅದಾಗಲೇ ಅತಿಯಾಗಿ ಹಿಡಿದು ಮುಗಿಸಲಾಗಿತ್ತು, 1980ರ ಚಂಡಮಾರುತ ಹವಳವನ್ನು ಮುರಿದು ಹಾಕಿತ್ತು. ಅರ್ಚಿನ್ ಕೂಡ ಹೋದ ಮೇಲೆ ಪಾಚಿಯನ್ನು ತಡೆಯುವವರು ಯಾರೂ ಉಳಿಯಲಿಲ್ಲ. 1970ರ ದಶಕದ ಕೊನೆಯಲ್ಲಿ ಶೇ. 50ಕ್ಕೂ ಮೇಲಿದ್ದ ಅಲ್ಲಿನ ಹವಳದ ಹೊದಿಕೆ 1990ರ ದಶಕದ ಆರಂಭದ ಹೊತ್ತಿಗೆ ಶೇ. 5ಕ್ಕಿಂತ ಕೆಳಗಿಳಿದಿತ್ತು. ಮನೆಯ ತೊಟ್ಟಿಯಲ್ಲಿ ನೈಟ್ರೇಟ್ ಅಂಕಿಯ ಹಿಂದೆಯೇ ಓಡುತ್ತಿರುವವರು ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಆದರೆ 60 ಲೀಟರಿಗೆ ಯಾವ ಮೇಯುವ ಪ್ರಾಣಿ ಎಂಬುದು ಕಷ್ಟದ ಪ್ರಶ್ನೆ, ಏಕೆಂದರೆ ಪ್ರತಿಯೊಂದಕ್ಕೂ ವರ್ಷವಿಡೀ ಊಟ ಬೇಕು. ಬಸವನಹುಳುಗಳಲ್ಲಿ ನನ್ನ ಮೊದಲ ಆಯ್ಕೆ ಟ್ರೋಕಸ್: ಮಗುಚಿ ಬಿದ್ದರೆ ತಾನೇ ಎದ್ದು ನಿಲ್ಲುತ್ತದೆ, ಕಲ್ಲು ಮತ್ತು ಗಾಜು ಎರಡನ್ನೂ ಮೇಯುತ್ತದೆ, ಕೆಲವೊಮ್ಮೆ ತೊಟ್ಟಿಯಲ್ಲೇ ಮರಿ ಮಾಡುತ್ತದೆ. ಆಸ್ಟ್ರಿಯಾ ಮೇಯುವುದರಲ್ಲಿ ಕಡಿಮೆಯೇನಲ್ಲ, ಆದರೆ ಮರಳಿನ ಮೇಲೆ ಅಂಗಾತ ಬಿದ್ದರೆ ಏಳಲಾರದೆ ಸಾಯುತ್ತದೆ. ದಿನವೂ ನೋಡಿ ನೆಟ್ಟಗೆ ಮಾಡುವ ತಾಳ್ಮೆ ಇದ್ದವರಿಗೆ ಮಾತ್ರ. ಟರ್ಬೊ ಎಲ್ಲಕ್ಕಿಂತ ವೇಗವಾಗಿ ತಿನ್ನುತ್ತದೆ, ಆದರೆ ಅದರ ಗಾತ್ರಕ್ಕೆ ಅಂಟಿಸದ ಹವಳದ ತುಂಡುಗಳೆಲ್ಲ ಉರುಳುತ್ತವೆ, ಪಾಚಿ ಮುಗಿದ ಕೂಡಲೇ ಹಸಿವಿನಿಂದ ಸಾಯುತ್ತದೆ, ಮತ್ತು ಒಂದು ಟರ್ಬೊ ಕಾಣದ ಮೂಲೆಯಲ್ಲಿ ಕೊಳೆತರೆ ಸಣ್ಣ ತೊಟ್ಟಿಯಲ್ಲಿ ಅಮೋನಿಯ ಏರುತ್ತದೆ. ಸೆರಿತ್ ಹುಳುಗಳು ಮರಳನ್ನು ಕೆದಕುತ್ತ ಕಂದು ಪೊರೆಯನ್ನು ತಿನ್ನುತ್ತವೆ. ನಸಾರಿಯಸ್ ಹುಳುಗಳನ್ನು ಪಾಚಿಗೆಂದು ಕೊಳ್ಳುವವರೂ ಇದ್ದಾರೆ. ಅವು ಪಾಚಿ ತಿನ್ನುವುದೇ ಇಲ್ಲ, ಉಳಿದ ಮಾಂಸಾಹಾರವನ್ನು ತಿನ್ನುತ್ತವೆ. ನಮ್ಮ ಉದಾಹರಣೆಯ ತೊಟ್ಟಿಗೆ ಮೂರು ನಾಲ್ಕು ಟ್ರೋಕಸ್, ನಾಲ್ಕೈದು ಸೆರಿತ್ ಸಾಕು. ಹೊಸ ನೀರಿನ ಲವಣಾಂಶಕ್ಕೆ ಅವು ನಿಧಾನವಾಗಿ ಹೊಂದಿಕೊಳ್ಳಬೇಕಾದ್ದರಿಂದ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬೆರೆಸಿ ಒಳಗೆ ಬಿಡಬೇಕು.

ಹೆಚ್ಚಿನ ಹುಳುಗಳು ಬೆರಳುದ್ದ ಬೆಳೆದ ಎಳೆಗಳನ್ನು ತಿನ್ನುವುದಿಲ್ಲ. ಅವು ತಿನ್ನುವುದು ಚಿಕ್ಕ ಚಿಗುರನ್ನು. ಮೊದಲು ಕೈಯಿಂದ ಕಿತ್ತು, ಆಮೇಲೆ ಹುಳು ಬಿಟ್ಟರೆ ಎರಡೂ ಉಪಾಯಗಳಿಗೆ ಬಲ ಬರುತ್ತದೆ. ಹುಳು ಮಾತ್ರ ಬಿಟ್ಟು ಕೈಕಟ್ಟಿ ಕುಳಿತರೆ ಯಾವುದೂ ನಡೆಯುವುದಿಲ್ಲ.

ಟಕ್ಸಿಡೊ ಅರ್ಚಿನ್ ಬಹಳ ಚೆನ್ನಾಗಿ ಮೇಯುತ್ತದೆ, ಆದರೆ ಕಲ್ಲಿನ ಮೇಲೆ ನಮಗೆ ಬೇಕಾದ ಗಟ್ಟಿ ಪಾಚಿಯಾದ ಗುಲಾಬಿ ಬಣ್ಣದ ಕೋರಲೈನ್ ಪದರವನ್ನೂ ಕೆರೆದು ತಿನ್ನುತ್ತದೆ, ಸಣ್ಣ ಹವಳಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಗೆಳೆಯರಿಂದ ಕೆಲವು ವಾರಕ್ಕೆ ತಂದು ಹಿಂದಿರುಗಿಸುವುದಾದರೆ ಒಳ್ಳೆಯ ಆಯ್ಕೆ. ಎಮರಾಲ್ಡ್ ಏಡಿ ವಲೋನಿಯಾವನ್ನು ತಿನ್ನಬಹುದು, ತಿನ್ನದೆಯೂ ಇರಬಹುದು, ಮತ್ತು ದೊಡ್ಡದಾದಂತೆ ಬೇರೆ ಜೀವಿಗಳಿಗೂ ಕೈ ಹಾಕುತ್ತದೆ. ಹೊರಚಿಪ್ಪಿಲ್ಲದ ಬಸವನಹುಳುವಿನಂಥ ಸೀ ಹೇರ್ ಬೇಡವೇ ಬೇಡ: ಕೆಲವೇ ದಿನದಲ್ಲಿ ಪಾಚಿಯನ್ನು ಮುಗಿಸಿ ಉಪವಾಸ ಬೀಳುತ್ತದೆ, ಬೆದರಿದರೆ ಅಥವಾ ಪಂಪಿಗೆ ಸಿಕ್ಕಿದರೆ ಬಿಡುವ ಶಾಯಿಯನ್ನು ಕರಗಿಸಿಕೊಳ್ಳುವಷ್ಟು ನೀರು ಇಲ್ಲಿಲ್ಲ. ಲಾನ್‌ಮೋವರ್ ಬ್ಲೆನ್ನಿ ಸುಮಾರು 14 ಸೆಂಟಿಮೀಟರ್ ಬೆಳೆಯುವ ಮೀನು, ಟ್ಯಾಂಗ್‌ಗಳು ಇನ್ನೂ ದೊಡ್ಡವು. ಪಾಚಿ ತಿನ್ನಲೆಂದು ಈಜಲು ಜಾಗವಿಲ್ಲದ ಕಡೆ ಮೀನನ್ನು ತಂದು ಕೂಡಿಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಕೀಟೊ, ಸ್ಕ್ರಬ್ಬರ್, ಜಿಎಫ್‌ಒ

ಪೋಷಕಾಂಶವನ್ನು ನಿರಂತರವಾಗಿ ತೆಗೆಯಲು ಎರಡು ದಾರಿಗಳಿವೆ. ಒಂದು, ನಮಗೆ ಬೇಕಾದ ಪಾಚಿಯನ್ನು ಬೇರೆ ಕೋಣೆಯಲ್ಲಿ ಬೆಳೆಸಿ ಕೊಯ್ಯುವುದು. ತೊಟ್ಟಿಯ ಹಿಂಬದಿಗೆ ನೇತುಹಾಕುವ ಸಣ್ಣ ಪೆಟ್ಟಿಗೆಯಲ್ಲಿ ಕೀಟೊಮಾರ್ಫಾ ಎಂಬ ಗಟ್ಟಿ ಎಳೆಯ ಪಾಚಿಯನ್ನು ಇಟ್ಟು, ಮುಖ್ಯ ದೀಪ ಆರಿದ ಮೇಲೆ ಅದರ ದೀಪ ಉರಿಯುವಂತೆ ಮಾಡಿದರೆ ರಾತ್ರಿ ಪಿಎಚ್ ಕುಸಿಯುವುದೂ ಸ್ವಲ್ಪ ತಗ್ಗುತ್ತದೆ. ಜಾಲರಿಯ ಮೇಲೆ ತೆಳುವಾಗಿ ನೀರು ಹರಿಸಿ ಪಾಚಿಯ ಗರಿಕೆ ಬೆಳೆಸುವ ಸ್ಕ್ರಬ್ಬರ್ ಇದೇ ತತ್ತ್ವದ್ದು. ಅದನ್ನು ರೂಪಿಸಿದವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ. ಎರಡರಲ್ಲಿಯೂ ಪೋಷಕಾಂಶ ಹೊರಹೋಗುವುದು ಕೊಯ್ದು ಎಸೆದಾಗ ಮಾತ್ರ. 60 ಲೀಟರಿಗೆ ಸ್ಕ್ರಬ್ಬರಿಗಿಂತ ಕೀಟೊ ಸುಲಭ, ಏಕೆಂದರೆ ಅದು ಬೇರೂರುವುದಿಲ್ಲ, ಉಂಡೆಯಾಗಿ ಕೈಗೆ ಬರುತ್ತದೆ. ಆದರೆ ನೈಟ್ರೇಟ್ ಸೊನ್ನೆಯಾದರೆ ಕೀಟೊ ಬೆಳೆಯುವುದನ್ನು ನಿಲ್ಲಿಸುತ್ತದೆ, ಆಗ ಉಳಿದ ಫಾಸ್ಫೇಟನ್ನು ಅದು ತೆಗೆಯಲಾರದು.

ಇನ್ನೊಂದು ದಾರಿ ಜಿಎಫ್‌ಒ, ಅಂದರೆ ಫಾಸ್ಫೇಟನ್ನು ಮೈಗಂಟಿಸಿಕೊಳ್ಳುವ ಕಬ್ಬಿಣದ ಆಕ್ಸೈಡಿನ ಕಾಳುಗಳು. ಕಲ್ಲಿನಿಂದ ಸೋರುವ ಫಾಸ್ಫೇಟಿಗೆ ಇದಕ್ಕಿಂತ ನೇರವಾದ ಉಪಾಯವಿಲ್ಲ. ಇದರ ಅಪಾಯವೂ ಇದರ ಬಲದಲ್ಲೇ ಇದೆ: ಚೀಲದ ಮೇಲೆ ಬರೆದ ಪೂರ್ಣ ಪ್ರಮಾಣವನ್ನು ಒಮ್ಮೆಗೇ ಹಾಕಿದರೆ ಸಣ್ಣ ತೊಟ್ಟಿಯಲ್ಲಿ ಫಾಸ್ಫೇಟ್ ಒಂದೆರಡು ದಿನದಲ್ಲಿ ನೆಲಕಚ್ಚಿ ಹವಳದ ಬಣ್ಣ ಮಾಸುತ್ತದೆ, ಅಂಗಾಂಶ ಕಳಚುವುದೂ ಉಂಟು, ಹಿಂದೆಯೇ ಡೈನೊ ಬರುತ್ತದೆ. ಕಾಲು ಭಾಗದಿಂದ ಆರಂಭಿಸಿ, ಕಂದು ಧೂಳು ಹೋಗುವವರೆಗೆ ತೊಳೆದು ಹಾಕಿ, ಎರಡು ದಿನಕ್ಕೊಮ್ಮೆ ಅಳೆದು, 0.05ರ ಹತ್ತಿರ ಬಂದಾಗ ಚೀಲವನ್ನು ಹೊರಗೆತ್ತಬೇಕು. ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಏರಿದ್ದರೆ ಕೀಟೊ, ಫಾಸ್ಫೇಟ್ ಮಾತ್ರ ಏರಿದ್ದರೆ ಜಿಎಫ್‌ಒ. ಯಾವುದನ್ನು ಹಾಕುವ ಮುನ್ನವೂ ಮೀನಿಗೆ ಹಾಕುವ ಆಹಾರ ಎರಡು ನಿಮಿಷದಲ್ಲಿ ಮುಗಿಯುತ್ತಿದೆಯೇ ಎಂದು ನೋಡಬೇಕು, ಏಕೆಂದರೆ ತೊಟ್ಟಿಗೆ ಫಾಸ್ಫೇಟ್ ಬರುವ ದೊಡ್ಡ ಬಾಗಿಲು ಅದೇ.

ಔಷಧಗಳು

ಹೈಡ್ರೋಜನ್ ಪೆರಾಕ್ಸೈಡ್ ಅಗ್ಗ, ಬೇಗ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಬೇಡದ ಅವಶೇಷ ಬಿಡುವುದಿಲ್ಲ. ಇದನ್ನು ಎರಡು ರೀತಿಯಲ್ಲಿ ಬಳಸುತ್ತಾರೆ. ಒಂದು, ಕಲ್ಲನ್ನು ಹೊರತೆಗೆದು ಪಾಚಿಯ ಮೇಲೆ ಮಾತ್ರ ಶೇ. 3ರ ದ್ರಾವಣವನ್ನು ಹನಿಸಿ, ಎರಡು ಮೂರು ನಿಮಿಷ ಬಿಟ್ಟು, ಉಪ್ಪುನೀರಿನಲ್ಲಿ ತೊಳೆದು ಹಿಂದಿಡುವುದು; ಹವಳದ ಬುಡದ ಸುತ್ತಲಿನ ಕೆಲವೇ ಎಳೆಗಳಿಗೆ ಇದು ಅತ್ಯುತ್ತಮ. ಇನ್ನೊಂದು, ಸುಮಾರು 40 ಲೀಟರಿಗೆ ದಿನಕ್ಕೆ 1 ಮಿಲಿಲೀಟರಿನಂತೆ, ನಮ್ಮ ತೊಟ್ಟಿಗೆ 1.5 ಮಿಲಿಲೀಟರ್, ನೀರಿಗೇ ಹಾಕುವುದು. ಎರಡನೆಯದನ್ನು ಸಿಗಡಿ ಮತ್ತು ಕೊಳವೆಹುಳುಗಳು ಸಹಿಸುವುದಿಲ್ಲ, ಆದ್ದರಿಂದ ಮೊದಲನೆಯದನ್ನೇ ನಾನು ಶಿಫಾರಸು ಮಾಡುತ್ತೇನೆ. ಭಾರತದ ಔಷಧದಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 6ರ ಸೀಸೆ ಎಂಬುದು ಇಲ್ಲಿ ಬಹಳ ಮುಖ್ಯ. ಹೊರದೇಶದ ಸಲಹೆಗಳೆಲ್ಲ ಶೇ. 3ಕ್ಕೆ ಬರೆದವು. ಚೀಟಿಯನ್ನು ಓದಿ, ಸಮಪಾಲು ಆರ್‌ಒ ನೀರು ಬೆರೆಸಿಕೊಳ್ಳಬೇಕು.

ಬ್ರಯಾಪ್ಸಿಸ್ ಎಂದು ಖಚಿತವಾಗಿದ್ದರೆ, ಮತ್ತು ಆಗ ಮಾತ್ರ, ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಉಳಿದೆಲ್ಲ ಉಪಾಯಗಳಿಗಿಂತ ಮೇಲು. ಹವ್ಯಾಸಿಗಳು ಬಳಸುವ ಪ್ರಮಾಣ ಲೀಟರಿಗೆ ಸುಮಾರು 5 ಮಿಲಿಗ್ರಾಂ, ಅಂದರೆ 60 ಲೀಟರಿಗೆ 300 ಮಿಲಿಗ್ರಾಂ, ಒಂದೇ ಸಲ. ಔಷಧವನ್ನು ಹೀರಿಬಿಡುವ ಕಾರ್ಬನ್ ಶೋಧಕವನ್ನು ತೆಗೆದು, ನೊರೆಯೊಡನೆ ಕೊಳೆ ತೆಗೆಯುವ ಸ್ಕಿಮ್ಮರ್ ಇದ್ದರೆ ಅದರ ಬಟ್ಟಲು ಬಿಚ್ಚಿಟ್ಟು, ಎರಡರಿಂದ ಮೂರು ವಾರ ಕಾಯಬೇಕು. ಮೊದಲ ವಾರದಲ್ಲಿ ಏನೂ ಆಗದಂತೆ ಕಾಣುವುದು ಸಹಜ, ಆಗ ಇನ್ನೊಂದು ಮಾತ್ರೆ ಸೇರಿಸಬಾರದು. ಸಾಯುವ ಪಾಚಿ ತಾನು ಹಿಡಿದಿಟ್ಟಿದ್ದನ್ನೆಲ್ಲ ನೀರಿಗೆ ಬಿಡುವುದರಿಂದ, ಔಷಧ ಹಾಕುವ ಹಿಂದಿನ ದಿನ ಆದಷ್ಟನ್ನು ಕೈಯಿಂದ ಕಿತ್ತಿರಬೇಕು. ಹೇರ್ ಆಲ್ಗೆಗೂ ಇದು ಅನೇಕ ಸಲ ಕೆಲಸ ಮಾಡುತ್ತದೆ, ಆದರೆ ಕೈ ಮತ್ತು ಹುಳುಗಳಿಂದ ಆಗುವ ಕೆಲಸಕ್ಕೆ ವೈದ್ಯರ ಚೀಟಿಯ ಮೇಲೆ ಕೊಡುವ ಮನುಷ್ಯರ ಔಷಧವನ್ನು ಬಳಸುವುದು ನನಗೆ ಸರಿಯೆನಿಸುವುದಿಲ್ಲ. ಹಿಂದೆ ಬ್ರಯಾಪ್ಸಿಸಿಗೆ ಮೆಗ್ನೀಸಿಯಮ್ಮನ್ನು 1600 ಪಿಪಿಎಂವರೆಗೆ ಏರಿಸುವ ಕ್ರಮವಿತ್ತು. ಬಸವನಹುಳುಗಳಿಗೆ ಅದರಿಂದ ತೊಂದರೆಯಾಗುವುದರಿಂದ ಈಗ ಅದನ್ನು ಆರಿಸಲು ಕಾರಣ ಉಳಿದಿಲ್ಲ.

ಸಯನೋಬ್ಯಾಕ್ಟೀರಿಯಾಕ್ಕೆ ಎರಿತ್ರೊಮೈಸಿನ್ ಹಾಕುವ ಸಲಹೆಯನ್ನು ನಾನು ಖಂಡಿತವಾಗಿ ತಿರಸ್ಕರಿಸುತ್ತೇನೆ. ಪೊರೆ ಎರಡು ದಿನದಲ್ಲಿ ಮಾಯವಾಗಬಹುದು. ಆದರೆ ಪ್ರತಿಜೀವಕ ಬೆರೆತ ನೀರು ಕೊನೆಗೆ ಚರಂಡಿಗೆ ಹೋಗುತ್ತದೆ, ಔಷಧಕ್ಕೆ ಜಗ್ಗದ ರೋಗಾಣುಗಳು ಬೆಳೆಯುತ್ತಿರುವ ಈ ಕಾಲದಲ್ಲಿ ಒಂದು ಗಾಜಿನ ಪೆಟ್ಟಿಗೆಯ ಅಂದಕ್ಕಾಗಿ ಅದನ್ನು ಮಾಡಬಾರದು. ಪೊರೆಯನ್ನು ಪ್ರತಿ ದಿನ ಸೈಫನ್‌ನಿಂದ ಎಳೆಯುವುದು, ಪಂಪಿನ ದಿಕ್ಕು ಬದಲಿಸಿ ನೀರು ನಿಂತಿರುವ ಮೂಲೆಗೆ ಹರಿವು ಕೊಡುವುದು, ಸೊನ್ನೆಯಾಗಿರುವ ನೈಟ್ರೇಟನ್ನು ಸ್ವಲ್ಪ ಏರಿಸುವುದು, ಈ ಮೂರರಿಂದ ಅದು ನಿಧಾನವಾಗಿಯಾದರೂ ಹೋಗುತ್ತದೆ.

ಕತ್ತಲೆ ಮತ್ತು ಯುವಿ

ಮೂರು ದಿನ ತೊಟ್ಟಿಯನ್ನು ಬಟ್ಟೆಯಿಂದ ಮುಚ್ಚಿ ಕತ್ತಲಾಗಿಸುವುದು ಹೇರ್ ಆಲ್ಗೆಗೆ ಕೆಲಸ ಮಾಡುವುದಿಲ್ಲ. ಅದು ಬಿಳಿಚಿಕೊಂಡು ಮತ್ತೆ ಚೇತರಿಸುತ್ತದೆ. ಸಯನೋ ಮತ್ತು ಡೈನೊಗಳಿಗೆ ತಾತ್ಕಾಲಿಕ ಪರಿಣಾಮವಿದೆ, ಹವಳಗಳೂ ಮೂರು ದಿನದ ಕತ್ತಲೆಯನ್ನು ತಾಳಿಕೊಳ್ಳುತ್ತವೆ, ಆದರೆ ಆ ಹೊತ್ತಿನಲ್ಲಿ ಗಾಳಿಯ ಪಂಪು ನಡೆಯುತ್ತಿರಲೇಬೇಕು. ಎಲ್ಲ ಬಗೆಯ ಪಾಚಿಗೂ ಉಪಯೋಗವಾಗುವ ಸಣ್ಣ ಬದಲಾವಣೆಯೆಂದರೆ ದೀಪದ ಅವಧಿಯನ್ನು ಎಂಟು ಗಂಟೆಗೆ ಇಳಿಸಿ, ಬಿಳಿ ಮತ್ತು ಕೆಂಪು ಬಣ್ಣಗಳನ್ನು ತಗ್ಗಿಸಿ, ನೀಲಿಯನ್ನು ಉಳಿಸಿಕೊಳ್ಳುವುದು. ಹಾಯುವ ನೀರಿನಲ್ಲಿನ ಸೂಕ್ಷ್ಮಜೀವಿಗಳನ್ನು ಅತಿನೇರಳೆ ಬೆಳಕಿನಿಂದ ಕೊಲ್ಲುವ ಯುವಿ ದೀಪ, ರಾತ್ರಿ ನೀರಿಗೆ ಏಳುವ ಆಸ್ಟ್ರಿಯಾಪ್ಸಿಸ್ ಜಾತಿಯ ಡೈನೊಗಳಿಗೆ ಬಹಳ ಚೆನ್ನಾಗಿ ಹೊಂದುತ್ತದೆ, ಮರಳಿನಲ್ಲೇ ಉಳಿಯುವ ಆಂಫಿಡಿನಿಯಂಗೆ ಹೊಂದುವುದೇ ಇಲ್ಲ. ಯಾವ ಡೈನೊ ಆದರೂ ಜಿಎಫ್‌ಒ ತೆಗೆದು, ನೀರು ಬದಲಾವಣೆ ನಿಲ್ಲಿಸಿ, ನೈಟ್ರೇಟ್ ಮತ್ತು ಫಾಸ್ಫೇಟನ್ನು ಮೇಲೆ ಹೇಳಿದ ಮಟ್ಟಕ್ಕೆ ಏರಿಸುವುದು ಮೊದಲ ಹೆಜ್ಜೆ. ಕೆಲವು ಜಾತಿಗಳು ವಿಷಕಾರಿಯಾದ್ದರಿಂದ ಅಲ್ಲಿಯವರೆಗೆ ಹೊಸ ಬಸವನಹುಳುಗಳನ್ನು ಬಿಡಬಾರದು.

ಕಲ್ಲನ್ನೇ ಹೊರತೆಗೆಯುವುದು

ಸಣ್ಣ ತೊಟ್ಟಿಯವರು ಮರೆಯುವ ಉಪಾಯ ಇದು. ಪಾಚಿ ಎಲ್ಲ ಕಲ್ಲುಗಳ ಮೇಲೂ ಸಮನಾಗಿ ಬೆಳೆಯುವುದು ಅಪರೂಪ. ಒಂದೋ ಎರಡೋ ಕಲ್ಲು ಸದಾ ಮುಂದಿರುತ್ತವೆ, ಮತ್ತು ಬಹುಮಟ್ಟಿಗೆ ಅವೇ ಫಾಸ್ಫೇಟ್ ಸೋರುತ್ತಿರುವ ಕಲ್ಲುಗಳು. ಅದರ ಮೇಲೆ ಹವಳ ಅಂಟಿಕೊಂಡಿರದಿದ್ದರೆ, ಕೈಯಿಂದ ಕಿತ್ತ ಮೇಲೆ ಅದನ್ನು ಮುಚ್ಚಳವಿರುವ ಬಕೆಟಿಗೆ ಹಾಕಿ, ಅದೇ ಲವಣಾಂಶದ ನೀರು, ಒಂದು ಹೀಟರ್ ಮತ್ತು ಸಣ್ಣ ಪಂಪಿನೊಡನೆ ಪೂರ್ತಿ ಕತ್ತಲೆಯಲ್ಲಿ ಆರರಿಂದ ಎಂಟು ವಾರ ಇಡಬಹುದು. ಬೆಳಕಿಲ್ಲದೆ ಪಾಚಿ ಸಾಯುತ್ತದೆ, ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾ ಬದುಕುಳಿಯುತ್ತವೆ, ಸೋರಿದ ಫಾಸ್ಫೇಟ್ ತೊಟ್ಟಿಗಲ್ಲದೆ ಬಕೆಟಿನ ನೀರಿಗೆ ಸೇರುತ್ತದೆ. ಔಷಧದ ಜೊತೆ ಹೋಲಿಸಿದರೆ ಇದು ನಿಧಾನ, ಆದರೆ ತೊಟ್ಟಿಯೊಳಗಿನ ಒಂದು ಪ್ರಾಣಿಗೂ ಇದರಿಂದ ಅಪಾಯವಿಲ್ಲ. ಒಂದೇ ಬಾರಿಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಲ್ಲನ್ನು ತೆಗೆಯಬಾರದು, ತೆಗೆದ ವಾರದಲ್ಲಿ ಅಮೋನಿಯವನ್ನು ಅಳೆಯುತ್ತಿರಬೇಕು. ಬಕೆಟಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಬದಲಾಯಿಸಿ, ಬದಲಾಯಿಸುವ ಮುನ್ನ ಅದರ ಫಾಸ್ಫೇಟ್ ಅಳೆದು ಬರೆದಿಟ್ಟುಕೊಳ್ಳಿ. ಒಂದು ವಾರ ನಿಂತ ನೀರಿನಲ್ಲಿಯೂ ಅದು 0.1 ದಾಟದಿದ್ದಾಗ ಕಲ್ಲನ್ನು ತೊಟ್ಟಿಗೆ ಹಿಂದಿಡಬಹುದು, ಅಲ್ಲಿಯವರೆಗೆ ಕತ್ತಲೆಯನ್ನು ಮುಂದುವರಿಸಬೇಕು.